ತುಂಬಿದ ಮೇಲೆ ಹೊರಡುವ ಗಾಡಿ

ಮನುಷ್ಯನನ್ನು ಊರಿನಿಂದ ಊರಿಗೆ ಮುಟ್ಟಿಸುವ ವಾಹನಗಳಲ್ಲಿ ಎರಡು ಬಗೆ. ಒಂದು ಗಡಿಯಾರ ನೋಡಿಕೊಂಡು ಹೊರಡುತ್ತದೆ. ಮತ್ತೊಂದು ಜನ ತುಂಬಿದರೋ ಇಲ್ಲವೋ ಎಂಬುದನ್ನು ನೋಡಿಕೊಂಡು ಹೊರಡುತ್ತದೆ. ಮೊದಲನೆಯದು ಸರ್ಕಾರಿ ಬಸ್ಸು. ಎರಡನೆಯದಕ್ಕೆ ನಮ್ಮ ಕಡೆ ಕಾಲಕ್ಕೊಂದು ಹೆಸರು: ಸರ್ವೀಸು, ಮೆಟಡಾರು, ಟೆಂಪೋ, ಟ್ರ್ಯಾಕ್ಸು, ಮ್ಯಾಕ್ಸಿಕ್ಯಾಬು. ನಮ್ಮ ನಾಡಿನ ರಸ್ತೆ ಸಾರಿಗೆಯ ನೂರು ವರ್ಷಗಳ ಚರಿತ್ರೆಯು ಬಹುಮಟ್ಟಿಗೆ ಈ ಎರಡರ ನಡುವಿನ ಹಗ್ಗಜಗ್ಗಾಟದ ಚರಿತ್ರೆಯಾಗಿದೆ. ಅರಸರ ಕಥೆಯನ್ನು ಶಾಸನಗಳು ಹೇಳುತ್ತವೆ. ಸಂತೆಗೆ, ಶಾಲೆಗೆ, ಆಸ್ಪತ್ರೆಗೆ ಹೊರಟವರ ಕಥೆಯನ್ನು ಬರೆದಿಟ್ಟವರು ವಿರಳ. ಆದರೂ ಹೊತ್ತು ಮುಳುಗುವ ಮುನ್ನ ಯಾರು ಮನೆ ಸೇರಿದರು, ಯಾರು ದಾರಿಯಲ್ಲಿಯೇ ಉಳಿದರು ಎಂಬುದು ಒಂದು ಊರಿನ ಬಾಳಿನಲ್ಲಿ ಸಣ್ಣ ಸಂಗತಿಯೇನೂ ಅಲ್ಲ.

ರೈಲಿನಿಂದ ದೂರ ಉಳಿದ ಸೀಮೆ

ಹಳೇಬೀಡಿನಿಂದ ಕೆಲವೇ ಕಿಲೋಮೀಟರು ದೂರದಲ್ಲಿರುವ ಹುಲಿಕೆರೆಯ ಹೆಸರನ್ನು ಕೇಳಿದವರಿಗೆ ಮೊದಲು ನೆನಪಾಗುವುದು ಅಲ್ಲಿನ ಹೊಯ್ಸಳರ ಕಾಲದ ಕಲ್ಯಾಣಿ. ಮೆಟ್ಟಿಲುಗಳ ಸುತ್ತ ಪುಟ್ಟ ಪುಟ್ಟ ಗುಡಿಗಳನ್ನು ಕಟ್ಟಿದ ಆ ಕೊಳವನ್ನು ನೋಡಲು ಪ್ರವಾಸಿಗಳು ಕಾರಿನಲ್ಲಿ ಬರುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬಳಿಕ ಈ ಸೀಮೆಯ ಹೆಸರು ಲೋಕಕ್ಕೆಲ್ಲ ಪರಿಚಿತವಾಗಿದೆ. ಆದರೆ ಅಲ್ಲಿ ಬದುಕುವವರ ಪ್ರಯಾಣದ ದಿಕ್ಕೇ ಬೇರೆ. ಅವರು ಹೊರಗೆ ಹೋಗಬೇಕಾದವರು. ಹಳೇಬೀಡಿನಿಂದ ಬೇಲೂರಿಗೆ 16 ಕಿಲೋಮೀಟರು, ಹಾಸನಕ್ಕೆ ಸುಮಾರು 30, ಅರಸೀಕೆರೆಗೆ ಸುಮಾರು 40. ತಾಲ್ಲೂಕು ಕಚೇರಿ, ಕಾಲೇಜು, ದೊಡ್ಡಾಸ್ಪತ್ರೆ, ಕೊಬ್ಬರಿ ಮಾರುಕಟ್ಟೆ, ರೈಲು, ಎಲ್ಲವೂ ಈ ದಾರಿಗಳ ತುದಿಯಲ್ಲಿವೆ.

1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು, ಅರಸೀಕೆರೆಗಳ ಮೂಲಕ ಹರಿಹರದತ್ತ ರೈಲು ಹಳಿ ಹಾಸಿದಾಗ ಹೊಯ್ಸಳರ ಹಳೆಯ ರಾಜಧಾನಿ ಅದರ ಪಕ್ಕಕ್ಕೆ ಉಳಿಯಿತು. ಇಪ್ಪತ್ತನೆಯ ಶತಮಾನದ ಆರಂಭದ ಗ್ಯಾಸೆಟಿಯರಿನಲ್ಲಿ ಹಳೇಬೀಡನ್ನು ಗುರುತಿಸಿರುವ ಬಗೆಯನ್ನೇ ನೋಡಿ: ಬಾಣಾವರ ರೈಲ್ವೆ ನಿಲ್ದಾಣದಿಂದ ನೈಋತ್ಯಕ್ಕೆ 18 ಮೈಲಿ. ಒಂದು ಕಾಲದಲ್ಲಿ ಅನೇಕ ಸೀಮೆಗಳಿಗೆ ರಾಜಧಾನಿಯಾಗಿದ್ದ ಊರು, ಒಂದು ಸಣ್ಣ ನಿಲ್ದಾಣದಿಂದ ಎಷ್ಟು ದೂರವಿದೆ ಎಂಬುದರ ಮೇಲೆ ತನ್ನ ಗುರುತು ಹೇಳಿಕೊಳ್ಳಬೇಕಾಯಿತು. ಆ 18 ಮೈಲಿಯೆಂದರೆ ಎತ್ತಿನ ಗಾಡಿಯಲ್ಲಿ ಹೆಚ್ಚುಕಡಿಮೆ ಒಂದಿಡೀ ಹಗಲಿನ ದಾರಿ. ಮುಂದೆ ಅರಸೀಕೆರೆಯಿಂದ ಹಾಸನದ ಮೂಲಕ ಮೈಸೂರಿಗೆ ರೈಲು ಓಡತೊಡಗಿದರೂ ಬೇಲೂರು, ಹಳೇಬೀಡುಗಳ ಪಾಲಿಗೆ ರೈಲು ಎಂಬುದು ಪಕ್ಕದ ಊರಿನ ಭಾಗ್ಯವಾಗಿಯೇ ಉಳಿಯಿತು. ಹೀಗೆ ರೈಲು ಮುಟ್ಟದ ಸೀಮೆಯನ್ನು ಮುಟ್ಟುವ ಹೊಣೆ ರಸ್ತೆಯ ಗಾಡಿಗಳ ಮೇಲೆ ಬಿತ್ತು.

ಸರ್ವೀಸು ಬಸ್ಸಿನ ಕಾಲ

ಮೈಸೂರು ಸಂಸ್ಥಾನದಲ್ಲಿ ಮೋಟಾರು ಬಸ್ಸುಗಳನ್ನು ಮೊದಲಿಗೆ ಓಡಿಸಿದವರು ಖಾಸಗಿ ಮಾಲೀಕರು. ಒಂದೋ ಎರಡೋ ಗಾಡಿಗಳ ಒಡೆಯರೇ ಅವರಲ್ಲಿ ಹೆಚ್ಚು. ಜನ ಅವುಗಳನ್ನು ಸರ್ವೀಸು ಎಂದು ಕರೆದರು. ಮಾಲೀಕನ ಹೆಸರೇ ಬಸ್ಸಿನ ಹೆಸರು. ಹೊರಡುವ ವೇಳೆಯನ್ನು ಹೇಳುತ್ತಿದ್ದರಾದರೂ ನಿಜವಾಗಿ ಹೊರಡುತ್ತಿದ್ದುದು ಒಳಗೆ ಜನ ತುಂಬಿ, ಮೇಲೆ ಮೂಟೆ ಏರಿದ ಬಳಿಕವೇ. ನಿಲ್ದಾಣದಲ್ಲಿ ಕೂಗಿ ಕರೆಯುವ ಏಜೆಂಟು, ಹಿಂಬಾಗಿಲಿಗೆ ಜೋತುಬೀಳುವ ಕ್ಲೀನರು, ‘ಹೋಲ್ಡಾನ್’, ‘ರೈಟ್’ ಎಂಬ ಎರಡು ಶಬ್ದಗಳಲ್ಲಿ ಗಾಡಿಯನ್ನು ನಿಲ್ಲಿಸಿ ಓಡಿಸುವ ಕಂಡಕ್ಟರು, ಇವರೆಲ್ಲ ನಮ್ಮ ಹಳ್ಳಿಗಳ ಬಾಳಿಗೆ ಬಂದದ್ದು ಆಗಲೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸಿನ ಹಿಂದೆ ಒಲೆಯಂಥ ಕೊಳವೆಯನ್ನು ಕಟ್ಟಿ, ಇದ್ದಿಲು ಉರಿಸಿ, ಅದರ ಅನಿಲದಿಂದ ಗಾಡಿ ಓಡಿಸಿದರು. ಏರು ಬಂದಲ್ಲಿ ಪ್ರಯಾಣಿಕರೇ ಇಳಿದು ತಳ್ಳಬೇಕಾಗಿದ್ದ ಆ ಇದ್ದಿಲು ಬಸ್ಸಿನ ಕಥೆಯನ್ನು ನಮ್ಮ ಹಿರಿಯರು ನಗುತ್ತಲೇ ಹೇಳುತ್ತಿದ್ದರು.

1939ರ ಮೋಟಾರು ವಾಹನಗಳ ಕಾಯಿದೆ ಈ ಲೋಕಕ್ಕೆ ಒಂದು ಗೆರೆ ಎಳೆಯಿತು. ದಾರಿಯಲ್ಲಿ ಅಲ್ಲಲ್ಲಿ ನಿಲ್ಲಿಸಿ, ಒಬ್ಬೊಬ್ಬರಿಂದ ಬೇರೆ ಬೇರೆಯಾಗಿ ಚಾರ್ಜು ಪಡೆದು ಒಯ್ಯುವ ಗಾಡಿ ಒಂದು ವರ್ಗ. ಇಡೀ ಗಾಡಿಯನ್ನು ಒಬ್ಬರೋ ಒಂದು ತಂಡವೋ ಬಾಡಿಗೆಗೆ ಹಿಡಿದು, ನಡುದಾರಿಯಲ್ಲಿ ಬೇರೆಯವರನ್ನು ಹತ್ತಿಸದೆ ಕೊಂಡೊಯ್ಯುವುದು ಇನ್ನೊಂದು ವರ್ಗ. ಎರಡಕ್ಕೂ ಬೇರೆ ಬೇರೆ ಪರವಾನಗಿ. ಕಾಗದದ ಮೇಲೆ ಈ ಗೆರೆ ಸ್ಪಷ್ಟವಾಗಿಯೇ ಇದೆ. ಆದರೆ ಮದುವೆಗೆಂದು ಬಾಡಿಗೆ ಪರವಾನಗಿ ಪಡೆದ ಗಾಡಿಗೆ, ರಸ್ತೆಬದಿಯಲ್ಲಿ ಕೂಸನ್ನು ಎತ್ತಿಕೊಂಡು ನಿಂತ ತಾಯಿಯೊಬ್ಬಳು ಕೈಯೊಡ್ಡಿದಾಗ ಚಾಲಕ ಏನು ಮಾಡಬೇಕು? ಮುಂದಿನ ಎಂಬತ್ತು ವರ್ಷಗಳ ಜಗಳವೆಲ್ಲ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ.

ಗಡಿಯಾರದ ಬಸ್ಸು ಬಂದದ್ದು

ಸ್ವಾತಂತ್ರ್ಯ ಬಂದ ಮರುವರ್ಷ, 1948ರ ಸೆಪ್ಟೆಂಬರ್ 12ರಂದು, ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾಯಿತು. ರಾಜ್ಯಗಳ ಪುನರ್ವಿಂಗಡಣೆಯ ನಂತರ, 1961ರ ಆಗಸ್ಟ್ 1ರಂದು ಅದು ನಿಗಮವಾಯಿತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಾಗ ನಿಗಮದ ಹೆಸರೂ ಬದಲಾಯಿತು. ಹಂತಹಂತವಾಗಿ ಹಳೆಯ ಮೈಸೂರಿನ ಬಹುತೇಕ ಮುಖ್ಯ ಮಾರ್ಗಗಳು ಸರ್ಕಾರದ ವಶಕ್ಕೆ ಬಂದವು. ಕರಾವಳಿ ಮತ್ತು ಮಲೆನಾಡಿನ ಕೆಲವು ಭಾಗಗಳಲ್ಲಿ ಖಾಸಗಿ ಬಸ್ಸುಗಳೇ ಗಟ್ಟಿಯಾಗಿ ಉಳಿದುಕೊಂಡವು.

ಈ ಬದಲಾವಣೆಯ ಬೆಲೆಯನ್ನು ಕಡಿಮೆ ಎಣಿಸಬಾರದು. ಒಬ್ಬನೇ ಒಬ್ಬ ಪ್ರಯಾಣಿಕನಿದ್ದರೂ ವೇಳೆಗೆ ಸರಿಯಾಗಿ ಹೊರಡುವ ಬಸ್ಸು ಎಂಬುದು ಹಳ್ಳಿಗೆ ಹೊಸ ಅನುಭವ. ಅದರಿಂದ ಶಾಲೆಯ ಮೇಷ್ಟ್ರಿಗೆ ದಿನವೂ ಬಂದುಹೋಗುವುದು ಸಾಧ್ಯವಾಯಿತು. ರಿಯಾಯಿತಿ ಪಾಸು ಹಿಡಿದ ಹುಡುಗ ಹುಡುಗಿಯರು ಕಾಲೇಜಿನ ಮುಖ ಕಂಡರು. ರಾತ್ರಿ ತಂಗುವ ಬಸ್ಸು ಇರುವ ಊರು ಎಂಬುದೇ ಒಂದು ಅಂತಸ್ತಾಯಿತು. ಬೆಳಗಿನ ಜಾವ ಅದೇ ಬಸ್ಸಿನಲ್ಲಿ ಹಾಲು, ಹೂವು, ತರಕಾರಿ ಪೇಟೆಗೆ ಹೋದವು. ನಷ್ಟವಾದರೂ ಓಡುವ ಬಸ್ಸು ಇದ್ದುದರಿಂದಲೇ ಅನೇಕ ಕುಟುಂಬಗಳ ಮೊದಲ ಪದವೀಧರರು ಹುಟ್ಟಿದರೆಂದರೆ ಉತ್ಪ್ರೇಕ್ಷೆಯಾಗಲಾರದು.

ಆದರೆ ಗಡಿಯಾರದ ಬಸ್ಸಿಗೆ ಒಂದು ಮಿತಿಯೂ ಇತ್ತು. ಅದು ಮುಖ್ಯ ರಸ್ತೆಯನ್ನು ಬಿಟ್ಟು ಕದಲುವುದು ಅಪರೂಪ. ಬೆಳಿಗ್ಗೆ ಒಂದು, ಸಂಜೆ ಒಂದು. ನಡುವೆ ಬಂದ ಜ್ವರಕ್ಕೆ, ಸಾವಿಗೆ, ಹೆರಿಗೆಗೆ ವೇಳಾಪಟ್ಟಿಯಲ್ಲಿ ಜಾಗವಿರಲಿಲ್ಲ. ಆ ಜಾಗವನ್ನು ಮತ್ತೆ ಸಣ್ಣ ಗಾಡಿಗಳು ತುಂಬಿದವು.

ಸರ್ಕಾರ ಇದನ್ನು ಸಹಿಸಲಿಲ್ಲ. ಬಾಡಿಗೆ ಪರವಾನಗಿಯ ವಾಹನಗಳನ್ನು ಸಾರ್ವಜನಿಕ ಹಿತಕ್ಕೆ ವಿರುದ್ಧವಾಗಿ ಓಡಿಸಲಾಗುತ್ತಿದೆಯೆಂದು ಹೇಳಿ 1976ರಲ್ಲಿ ಕರ್ನಾಟಕವು ಅಂಥ ವಾಹನಗಳನ್ನೇ ಸ್ವಾಧೀನಪಡಿಸಿಕೊಳ್ಳುವ ಕಾಯಿದೆ ಮಾಡಿತು. ಮಾಲೀಕರು ನ್ಯಾಯಾಲಯಕ್ಕೆ ಹೋದರು. ಹೈಕೋರ್ಟು ಕಾಯಿದೆಯನ್ನು ರದ್ದುಮಾಡಿದರೆ, 1977ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ ಅದನ್ನು ಎತ್ತಿಹಿಡಿಯಿತು. ರಂಗನಾಥ ರೆಡ್ಡಿ ಪ್ರಕರಣವೆಂದು ಹೆಸರಾದ ಈ ತೀರ್ಪನ್ನು ಇಂದಿಗೂ ಕಾನೂನಿನ ವಿದ್ಯಾರ್ಥಿಗಳು ಓದುತ್ತಾರೆ. ಸಮುದಾಯದ ಹಿತಕ್ಕಾಗಿ ಸಂಪತ್ತಿನ ಹಂಚಿಕೆ ಎಂದರೇನು ಎಂಬುದರ ಬಗ್ಗೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಅದರಲ್ಲಿ ದೀರ್ಘವಾಗಿ ಬರೆದಿದ್ದಾರೆ. ಕರ್ನಾಟಕದ ರಸ್ತೆಯ ಬಾಡಿಗೆ ಬಸ್ಸುಗಳ ಜಗಳ ಸಂವಿಧಾನದ ಪಾಠವಾದದ್ದು ಹೀಗೆ. ಮುಂದೆ ಕಾಲ ಬದಲಾಯಿತು. 2003ರಲ್ಲಿ ರಾಜ್ಯವೇ ಆ ಕಾಯಿದೆಯನ್ನು ರದ್ದುಪಡಿಸಿತು.

ಹ್ಯಾಂಬರ್ಗಿನಿಂದ ಹಾಸನಕ್ಕೆ

ಈ ನಡುವೆ ಸಣ್ಣ ಗಾಡಿಗಳ ರೂಪವೂ ಬದಲಾಗಿತ್ತು. ನಾವು ದಿನಬೆಳಗಾದರೆ ಬಳಸುವ ‘ಟೆಂಪೋ’ ಎಂಬ ಮಾತು ಮೂಲತಃ ಜರ್ಮನಿಯ ಹ್ಯಾಂಬರ್ಗ್ ನಗರದ ಒಂದು ಕಾರ್ಖಾನೆಯ ಗಾಡಿಗಳ ಹೆಸರು. ಅದರೊಂದಿಗೆ ಕೈಜೋಡಿಸಿ 1958ರಲ್ಲಿ ಬಜಾಜ್ ಟೆಂಪೋ ಎಂಬ ಕಂಪನಿ ನಮ್ಮ ದೇಶದಲ್ಲಿ ಆರಂಭವಾಯಿತು. ಅದು 1969ರಿಂದ ತಯಾರಿಸಿದ ‘ಮೆಟಡಾರ್’ ನಾಲ್ಕು ಚಕ್ರದ ಗಾಡಿ ಎಷ್ಟು ಬಳಕೆಗೆ ಬಂತೆಂದರೆ ಯಾವ ಕಂಪನಿಯ ವ್ಯಾನಾದರೂ ಜನರ ಬಾಯಲ್ಲಿ ಮೆಟಡಾರೇ ಆಯಿತು. 1980ರ ದಶಕದ ಕೊನೆಯಲ್ಲಿ ಟೆಂಪೋ ಟ್ರಾವೆಲರ್, ಟ್ರ್ಯಾಕ್ಸ್ ಬಂದವು. 2005ರಲ್ಲಿ ಕಂಪನಿಯೇ ತನ್ನ ಹೆಸರನ್ನು ಫೋರ್ಸ್ ಮೋಟಾರ್ಸ್ ಎಂದು ಬದಲಿಸಿಕೊಂಡಿತು. ಜನರ ನಾಲಿಗೆಯ ಮೇಲೆ ಮಾತ್ರ ಟೆಂಪೋ ಟೆಂಪೋವಾಗಿಯೇ ಉಳಿದಿದೆ.

1988ರ ಹೊಸ ಮೋಟಾರು ವಾಹನಗಳ ಕಾಯಿದೆ ‘ಮ್ಯಾಕ್ಸಿಕ್ಯಾಬ್’ ಎಂಬ ವರ್ಗಕ್ಕೆ ಒಂದು ಅಳತೆ ಕೊಟ್ಟಿತು: ಚಾಲಕನನ್ನು ಬಿಟ್ಟು ಆರಕ್ಕಿಂತ ಹೆಚ್ಚು, ಹನ್ನೆರಡಕ್ಕೆ ಮೀರದಷ್ಟು ಜನ. ಅದನ್ನು ಸೇರಿಸಿದ್ದು ಬಾಡಿಗೆ ವಾಹನಗಳ ವರ್ಗಕ್ಕೆ. ಆದರೆ ನಮ್ಮ ಜಿಲ್ಲೆಗಳ ಬಸ್ ನಿಲ್ದಾಣದ ಹೊರಗೆ ‘ಬೇಲೂರು, ಬೇಲೂರು’, ‘ಹಾಸನ, ಹಾಸನ’ ಎಂದು ಕೂಗುತ್ತ ಆ ಗಾಡಿ ಓಡಿದ್ದು ಒಬ್ಬೊಬ್ಬರಿಂದ ಚಾರ್ಜು ಪಡೆಯುವ ಬಸ್ಸಿನ ಹಾಗೆಯೇ. ಹನ್ನೆರಡು ಸೀಟಿನಲ್ಲಿ ಇಪ್ಪತ್ತು ಜನ ಕುಳಿತದ್ದೂ, ಬಾಗಿಲಲ್ಲಿ ನಾಲ್ವರು ನಿಂತದ್ದೂ ಎಲ್ಲರೂ ಕಂಡ ನೋಟ.

ಚಾಲಕ ಏಕೆ ಹೀಗೆ ತುಂಬುತ್ತಾನೆ? ದುರಾಸೆಯೆಂದು ಹೇಳಿಬಿಡುವುದು ಸುಲಭ. ಅವನ ದಿನದ ಲೆಕ್ಕವನ್ನು ಒಮ್ಮೆ ನೋಡಬೇಕು. ಗಾಡಿ ಬೇರೆಯವರದಾದರೆ ಸಂಜೆಗೆ ಗೊತ್ತಾದ ಬಾಡಿಗೆ ಮಾಲೀಕನ ಕೈ ಸೇರಬೇಕು. ತನ್ನದಾದರೆ ತಿಂಗಳಿಗೆ ಫೈನಾನ್ಸಿನ ಕಂತು ಕಟ್ಟಬೇಕು. ಡೀಸೆಲ್, ವಿಮೆ, ತೆರಿಗೆ, ರಿಪೇರಿ ಎಲ್ಲ ಕಳೆದು ಉಳಿದದ್ದು ಅವನ ಮನೆಗೆ. ಮೊದಲ ಹತ್ತು ಜನರ ಹಣ ಸಾಲಕ್ಕೆ ಹೋದರೆ ಹನ್ನೊಂದನೆಯವನ ಹಣದಿಂದ ಅಕ್ಕಿ ಬರುತ್ತದೆ. ಹಾಗಾಗಿಯೇ ಅವನು ಹನ್ನೊಂದನೆಯವನಿಗಾಗಿ ಕಾಯುತ್ತಾನೆ, ಹದಿನೈದನೆಯವನನ್ನೂ ಹತ್ತಿಸುತ್ತಾನೆ, ಕಾದು ಕಳೆದ ಹೊತ್ತನ್ನು ದಾರಿಯಲ್ಲಿ ವೇಗದಿಂದ ತುಂಬಿಕೊಳ್ಳಲು ನೋಡುತ್ತಾನೆ. ಅಪಾಯದ ಬೀಜ ಇರುವುದು ಈ ಲೆಕ್ಕದಲ್ಲಿಯೇ.

ದೂರದ ನಗರಗಳಲ್ಲಿ ಇದೇ ಕಥೆ

ಇದು ನಮ್ಮೊಬ್ಬರ ಕಥೆಯಲ್ಲ. ಆಫ್ರಿಕಾ ಖಂಡದ ನೈಜೀರಿಯಾ ದೇಶದಲ್ಲಿ ಲಾಗೋಸ್ ಎಂಬ ಕೋಟಿಗೂ ಮಿಗಿಲಾದ ಜನರ ನಗರವಿದೆ. 1991ರವರೆಗೆ ಅದೇ ಆ ದೇಶದ ರಾಜಧಾನಿಯಾಗಿತ್ತು. ಅಲ್ಲಿ ಹಳದಿ ಬಣ್ಣಕ್ಕೆ ಕಪ್ಪು ಪಟ್ಟೆ ಬಳಿದ ‘ಡಾನ್ಫೋ’ ಎಂಬ ಸಣ್ಣ ಬಸ್ಸುಗಳು ನಗರದ ಉಸಿರಿನಂತೆ ಓಡುತ್ತವೆ. ನಮ್ಮ ಟೆಂಪೋದ ಹಾಗೆಯೇ ಅವುಗಳ ಮೂಲವೂ ಜರ್ಮನಿ. ಫೋಕ್ಸ್‌ವ್ಯಾಗನ್ ಕಂಪನಿಯ ವ್ಯಾನುಗಳೇ ಅಲ್ಲಿನ ಹಳೆಯ ಡಾನ್ಫೋಗಳು. ಬಾಗಿಲಿಗೆ ಜೋತುಬಿದ್ದ ಕಂಡಕ್ಟರು ಓಶೋದಿ, ಒಬಾಲೆಂಡೆ ಎಂದು ಊರಿನ ಹೆಸರುಗಳನ್ನು ಕೂಗುತ್ತಾನೆ. ಹತ್ತುವ ಮೊದಲೇ ಚಿಲ್ಲರೆ ಇಟ್ಟುಕೊಳ್ಳಿ ಎಂದು ಎಚ್ಚರಿಸುತ್ತಾನೆ. ಲಾಗೋಸಿನ ಒಂದು ದೊಡ್ಡ ನಿಲ್ದಾಣದ ಹೆಸರು ಸಿ.ಎಂ.ಎಸ್.; ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಸೇವೆ ಸಲ್ಲಿಸಿದ ಚರ್ಚ್ ಮಿಷನರಿ ಸೊಸೈಟಿಯ ನೆನಪು ಇಂದು ಬಸ್ಸಿನ ಕೂಗಿನಲ್ಲಿ ಉಳಿದಿದೆ. ಅಲ್ಲಿಯೂ ಚಾಲಕ ಮಾಲೀಕನಿಗೆ ದಿನದ ಗೊತ್ತಾದ ಹಣ ಒಪ್ಪಿಸಬೇಕು. ಅಲ್ಲಿಯೂ ಗಾಡಿ ತುಂಬಿದ ಮೇಲೆಯೇ ಹೊರಡುವುದು. 2008ರಲ್ಲಿ ಸರ್ಕಾರ ದೊಡ್ಡ ಬಸ್ಸುಗಳಿಗೆ ಪ್ರತ್ಯೇಕ ಪಥ ಮಾಡಿತು. 2017ರಲ್ಲಿ ಡಾನ್ಫೋಗಳನ್ನು ರಸ್ತೆಯಿಂದ ತೆಗೆಯುವ ಮಾತಾಡಿತು. ಹಳದಿ ಗಾಡಿಗಳು ಇನ್ನೂ ಓಡುತ್ತಲೇ ಇವೆ.

ಕೆನ್ಯಾದ ನೈರೋಬಿಯಲ್ಲಿ ಇಂಥ ಗಾಡಿಗಳಿಗೆ ‘ಮಟಾಟು’ ಎಂದು ಹೆಸರು. ಅಲ್ಲಿನ ಭಾಷೆಯಲ್ಲಿ ‘ಟಾಟು’ ಎಂದರೆ ಮೂರು. ಮೊದಲಿಗೆ ಮೂರು ನಾಣ್ಯಗಳ ಚಾರ್ಜು ಇದ್ದುದರಿಂದ ಆ ಹೆಸರು ಬಂತೆಂದು ಹೇಳುತ್ತಾರೆ. 1973ರಲ್ಲಿ ಅಧ್ಯಕ್ಷ ಜೋಮೊ ಕೆನ್ಯಾಟ ಅವರು ಪರವಾನಗಿಯ ಕಟ್ಟಿಲ್ಲದೆ ಅವು ಓಡಲು ಅನುಮತಿಸಿದರು. ಮೂವತ್ತು ವರ್ಷಗಳ ಬಳಿಕ, 2004ರಲ್ಲಿ, ಅಪಘಾತಗಳಿಂದ ಬೇಸತ್ತ ಸರ್ಕಾರ ಪ್ರತಿ ಸೀಟಿಗೂ ಬೆಲ್ಟು, ಪ್ರತಿ ಗಾಡಿಗೂ ವೇಗ ನಿಯಂತ್ರಕ ಕಡ್ಡಾಯವೆಂದು ಆಜ್ಞೆ ಮಾಡಿತು. ಗಾಡಿಗಳನ್ನು ಓಡಿಸಲು ಬಿಟ್ಟು ಅಪಾಯವನ್ನು ಮಾತ್ರ ಕಡಿಮೆ ಮಾಡುವ ದಾರಿಯೂ ಒಂದಿದೆಯೆಂದು ಇದು ತೋರಿಸಿತು.

ಕೊಪ್ಪದ ಕಾರ್ಮಿಕರು ತೋರಿದ ದಾರಿ

ನಮ್ಮ ನೆರೆಯ ಮಲೆನಾಡಿನಲ್ಲಿಯೇ ಇನ್ನೊಂದು ಪ್ರಯೋಗ ನಡೆಯಿತು. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದಲ್ಲಿ ಒಂದು ಖಾಸಗಿ ಬಸ್ ಕಂಪನಿಗೂ ಅದರ ಕಾರ್ಮಿಕರಿಗೂ ವಿವಾದ ಬೆಳೆದು, ಕೊನೆಗೆ ಕಾರ್ಮಿಕರ ಪಾಲಿಗೆ ಬಸ್ಸುಗಳೇ ಬಂದವು. 1991ರಲ್ಲಿ ಆರು ಬಸ್ಸುಗಳೊಂದಿಗೆ ಅವರು ಸಹಕಾರ ಸಂಘ ಕಟ್ಟಿದರು. ‘ಸಹಕಾರ ಸಾರಿಗೆ’ ಎಂದು ಬರೆದ ಬಸ್ಸುಗಳು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಚಿಕ್ಕಮಗಳೂರು, ಶಿವಮೊಗ್ಗಗಳ ಕಡೆಗೆ ಓಡಿದವು. ಚಾಲಕನೂ ಕಂಡಕ್ಟರನೂ ಮೆಕ್ಯಾನಿಕ್ಕೂ ಅಲ್ಲಿ ಒಡೆಯರು. ಬಸ್ಸುಗಳ ಸಂಖ್ಯೆ ಎಪ್ಪತ್ತನ್ನು ದಾಟಿತು. ವಿದ್ಯಾರ್ಥಿಗಳಿಗೆ ರಿಯಾಯಿತಿ ಸಿಕ್ಕಿತು. ಲಾಭವಿಲ್ಲದ ಮಳೆಗಾಲದ ದಾರಿಗಳಲ್ಲೂ ಬಸ್ಸು ಹೋಯಿತು. ಸುಮಾರು ಮೂರು ದಶಕಗಳ ಕಾಲ ಅವರು ಗಡಿಯಾರದ ಶಿಸ್ತನ್ನೂ ಸಣ್ಣ ಗಾಡಿಯ ಆಪ್ತತೆಯನ್ನೂ ಒಟ್ಟಿಗೆ ನಡೆಸಿದರು.

ಆದರೂ ಏರುತ್ತಲೇ ಹೋದ ಡೀಸೆಲ್ ಬೆಲೆ, ತೆರಿಗೆ, ವಿಮೆಗಳ ಭಾರವನ್ನು ಸಂಘ ತಾಳಲಾರದೆ ಹೋಯಿತು. 2020ರ ಫೆಬ್ರವರಿಯಲ್ಲಿ ಬಸ್ಸುಗಳು ನಿಂತವು. ಸಹಕಾರದ ಕನಸು ಸೋತಿತೆಂದು ಇದನ್ನು ಓದಬಹುದು. ನನಗೆ ತೋರುವುದು ಬೇರೆ. ಲಾಭವಿಲ್ಲದ ದಾರಿಯಲ್ಲಿ ಬಸ್ಸು ಓಡಿಸುವ ಖರ್ಚನ್ನು ಬಡ ಕಾರ್ಮಿಕರೇ ತಮ್ಮ ಸಂಬಳದಿಂದ ಎಷ್ಟು ಕಾಲ ಹೊರಬೇಕು? ಆ ಖರ್ಚು ಇಡೀ ಸಮಾಜದ್ದು. ಅದನ್ನು ಸಮಾಜ ಹಂಚಿಕೊಳ್ಳದಿದ್ದಲ್ಲಿ ಒಳ್ಳೆಯವರ ಗಾಡಿಯೂ ನಿಲ್ಲುತ್ತದೆ.

ಇಂದಿನ ದಾರಿ

2023ರ ಜೂನ್ 11ರಂದು ಕರ್ನಾಟಕದಲ್ಲಿ ‘ಶಕ್ತಿ’ ಯೋಜನೆ ಜಾರಿಗೆ ಬಂದು, ರಾಜ್ಯದೊಳಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾಯಿತು. 2025ರ ಜುಲೈ ವೇಳೆಗೆ ಇಂಥ ಪ್ರಯಾಣಗಳು 500 ಕೋಟಿ ದಾಟಿದವು. ಹಾಸನದ ಕಾರ್ಖಾನೆಗೆ ದುಡಿಯಲು ಹೋಗುವ ಹೆಣ್ಣುಮಗಳಿಗೆ, ತವರಿಗೆ ಹೋಗಲು ಗಂಡನ ಜೇಬು ನೋಡಬೇಕಾಗಿದ್ದ ಗೃಹಿಣಿಗೆ ಇದರ ಅರ್ಥವೇನೆಂದು ಹೇಳಬೇಕಾಗಿಲ್ಲ. ಇದೇ ವೇಳೆ ಸಣ್ಣ ಗಾಡಿಗಳ ಚಾಲಕರ ಸೀಟುಗಳು ಖಾಲಿಯಾದವು. 2023ರ ಸೆಪ್ಟೆಂಬರ್ 11ರಂದು ಖಾಸಗಿ ಸಾರಿಗೆಯವರು ಬೆಂಗಳೂರಿನಲ್ಲಿ ಬಂದ್ ನಡೆಸಿದಾಗ ಕೇಳಿಬಂದ ಕೂಗಿನಲ್ಲಿ ಈ ನೋವೂ ಇತ್ತು. ಒಬ್ಬರಿಗೆ ದಾರಿ ತೆರೆದಾಗ ಇನ್ನೊಬ್ಬರ ಅನ್ನ ಕಡಿಮೆಯಾಗುವುದುಂಟು. ಎರಡನ್ನೂ ಒಟ್ಟಿಗೆ ನೋಡುವ ಕಣ್ಣು ಆಳುವವರಿಗೂ ಬೇಕು, ನಮಗೂ ಬೇಕು.

ಇನ್ನೊಂದು ದಿನವನ್ನು ಈ ಸೀಮೆಯವರು ಮರೆಯಲಾರರು. 2022ರ ಅಕ್ಟೋಬರ್ 15ರ ರಾತ್ರಿ ಅರಸೀಕೆರೆ ತಾಲ್ಲೂಕಿನ ಗಾಂಧಿನಗರದ ಬಳಿ ಒಂದು ಟೆಂಪೋ ಟ್ರಾವೆಲರ್, ಒಂದು ಸಾರಿಗೆ ಬಸ್ಸು ಮತ್ತು ಒಂದು ಹಾಲಿನ ಟ್ಯಾಂಕರಿನ ನಡುವೆ ಸಂಭವಿಸಿದ ಅಪಘಾತದಲ್ಲಿ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಯಾತ್ರೆ ಮುಗಿಸಿ ಮನೆಗೆ ಮರಳುತ್ತಿದ್ದವರು ಅವರು, ಮಕ್ಕಳೂ ಅವರಲ್ಲಿದ್ದರು. ಗಡಿಯಾರದ ಬಸ್ಸೂ ಸಣ್ಣ ಗಾಡಿಯೂ ಒಂದೇ ಇಕ್ಕಟ್ಟಾದ ರಸ್ತೆಯಲ್ಲಿ ಓಡುತ್ತವೆ. ಯಾವುದರಲ್ಲಿ ಕುಳಿತವರಾದರೂ ಮನೆ ಮುಟ್ಟಬೇಕಾದವರೇ.

ಇಷ್ಟು ಚರಿತ್ರೆಯನ್ನು ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ಸಣ್ಣ ಗಾಡಿಯನ್ನು ಕಾನೂನಿನಿಂದ ಅಳಿಸಲು ಮಾಡಿದ ಪ್ರಯತ್ನಗಳು ನಮ್ಮಲ್ಲಾಗಲಿ ಲಾಗೋಸಿನಲ್ಲಾಗಲಿ ಗೆಲ್ಲಲಿಲ್ಲ. ಏಕೆಂದರೆ ಜನರಿಗೆ ಅದರ ಅಗತ್ಯವಿತ್ತು. ಎಲ್ಲವನ್ನೂ ಅದಕ್ಕೇ ಬಿಟ್ಟ ಕಡೆಗಳಲ್ಲಿ ತುಂಬದ ದಾರಿಗಳು ಅನಾಥವಾದವು, ತುಂಬಿದ ಗಾಡಿಗಳು ಅಪಾಯಕ್ಕೆ ಸಿಕ್ಕವು. ಮುಖ್ಯ ರಸ್ತೆಯಲ್ಲಿ ವೇಳೆಗೆ ಹೊರಡುವ ಬಸ್ಸು, ಅಲ್ಲಿಂದ ಒಳಹಳ್ಳಿಗಳಿಗೆ ನ್ಯಾಯವಾದ ಪರವಾನಗಿ, ಸೀಟಿಗೆ ತಕ್ಕಷ್ಟೇ ಜನ, ಚಾಲಕನಿಗೆ ಕಂತಿನ ಹೆದರಿಕೆಯಿಲ್ಲದೆ ನಿಧಾನವಾಗಿ ಓಡಿಸುವಷ್ಟು ಸಂಪಾದನೆ, ಇವೆಲ್ಲ ಕೂಡಿದಾಗಲೇ ಹುಲಿಕೆರೆಯಂಥ ಊರಿನ ಪ್ರಯಾಣ ಸುಗಮವಾದೀತು.

ಒಂದು ಸಾರಿಗೆ ವ್ಯವಸ್ಥೆಯ ಗುಣವನ್ನು ಅಳೆಯಬೇಕಾದರೆ ಬೆಳಗಿನ ಎಂಟು ಗಂಟೆಯ ನೂಕುನುಗ್ಗಲನ್ನು ನೋಡಿದರೆ ಸಾಲದು. ಆಗ ಎಲ್ಲರೂ ಗಾಡಿ ತರುತ್ತಾರೆ. ರಾತ್ರಿ ಎಂಟರ ಬಳಿಕ, ಹಾಸನದ ಆಸ್ಪತ್ರೆಯಲ್ಲಿ ಮಗಳನ್ನು ನೋಡಿಕೊಂಡು ಹಳೇಬೀಡಿನಲ್ಲಿ ಇಳಿದ ಒಬ್ಬ ಮುದುಕಿಗೆ ಊರು ಸೇರಲು ಏನಿದೆ ಎಂದು ಕೇಳಬೇಕು. ಅವಳೊಬ್ಬಳಿಂದ ಯಾವ ಗಾಡಿಯೂ ತುಂಬುವುದಿಲ್ಲ.